ಭಾನುವಾರದೊಳಗೆ ನೈಟ್ರೇಟ್, ಫಾಸ್ಫೇಟ್ ಎರಡೂ ಅಳೆದು ಹಾಕಿ

ಎಲ್ಲರಿಗೂ ನಮಸ್ಕಾರ. ರೀಫ್ ಟ್ಯಾಂಕ್‌ನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಪಾಚಿ ಕಾಟ ಇರುವವರು ಭಾನುವಾರ ಸಂಜೆಯೊಳಗೆ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಅಳೆದು ಇಲ್ಲಿ ಹಾಕಿ. ನೀರು ಬದಲಿಸುವ ಮೊದಲೇ ಅಳೆಯಿರಿ.

ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಸಾಕು. ದಯವಿಟ್ಟು ಸೊನ್ನೆಗೆ ಇಳಿಸಬೇಡಿ! ಹೋದ ತಿಂಗಳು ನಾನು ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಜಾಸ್ತಿ ಹಾಕಿ ಫಾಸ್ಫೇಟ್ ಪೂರ್ತಿ ತೆಗೆದೆ. ಹತ್ತೇ ದಿನದಲ್ಲಿ ಮರಳಿನ ಮೇಲೆ ಕಂದು ಲೋಳೆ, ಅದರ ತುಂಬ ಗಾಳಿಗುಳ್ಳೆ. ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಬಂದಿತ್ತು. ಹವಳದ ತುದಿಯೂ ಬೆಳ್ಳಗಾಯಿತು, ತುಂಬಾ ಬೇಜಾರಾಯ್ತು.

ಪಾಚಿ ದಟ್ಟವಾಗಿದ್ದರೂ ಅಳೆಯುವ ಕಿಟ್ ಸೊನ್ನೆ ತೋರಿಸಬಹುದು, ಪಾಚಿಯೇ ಹೀರಿಕೊಂಡಿರುತ್ತದೆ ಅಲ್ವಾ? ಆಗ ಮೊದಲು ಪಾಚಿಯನ್ನು ಕೈಯಿಂದ ಕಿತ್ತು ತೆಗೆಯಿರಿ. ಫ್ರೋಜನ್ ಆಹಾರ ತೊಳೆದು ಹಾಕಿ. ಟಾಪ್‌ಅಪ್‌ಗೆ (ಆವಿಯಾದಷ್ಟು ನೀರು ತುಂಬಲು) ಆರ್‌ಓಡಿಐ ನೀರೇ, ಅಂದರೆ ಆರ್‌ಓ ಮಾಡಿ ಉಳಿದ ಲವಣವನ್ನೂ ತೆಗೆದ ಶುದ್ಧ ನೀರೇ ಇರಲಿ.

ಅಂಕಿಗಳ ಜೊತೆ ಬಿಳಿ ಬೆಳಕಿನಲ್ಲಿ ತೆಗೆದ ಒಂದು ಫೋಟೋ ಕಳಿಸಿ. ಕಿಟ್ ಇಲ್ಲದವರು ಹೇಳಿ, ನನ್ನದು ಕೊಡುತ್ತೇನೆ.