ಹಾಡಿನ ಸ್ಪರ್ಧೆಗೂ ಆವಕದ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಅಡಿಕೆ ಧಾರಣೆ ಪಟ್ಟಿಯನ್ನು ಓದದ ಮನೆ ಮಲೆನಾಡಿನಲ್ಲಿ ಅಪರೂಪ. ಬೆಟ್ಟೆ, ಗೊರಬಲು, ರಾಶಿ, ಸರಕು, ಒಂದೊಂದಕ್ಕೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಇರುತ್ತದೆ. ಆದರೆ ಗರಿಷ್ಠ ದರವೊಂದನ್ನೇ ನೋಡಿ ಮಂಡಿಗೆ ಮಾಲು ಹೊರಡಿಸುವವರು ಯಾರೂ ಇಲ್ಲ. ‘ಆವಕ ಎಷ್ಟಿತ್ತು?’, ಅಂದರೆ ಆ ದಿನ ಎಷ್ಟು ಮಾಲು ಬಂದಿತ್ತು ಅನ್ನುವುದು ಮೊದಲ ಪ್ರಶ್ನೆ. ಎರಡು ಚೀಲಕ್ಕೆ ಸಿಕ್ಕ ಮೇಲಿನ ದರವನ್ನು ಮಾರುಕಟ್ಟೆ ದರ ಅಂತ ಯಾರೂ ನಂಬುವುದಿಲ್ಲ.

ಯುರೋಪಿನ ಮತ್ತು ಸುತ್ತಲಿನ ದೇಶಗಳು ವರ್ಷಕ್ಕೊಮ್ಮೆ ಪೈಪೋಟಿಗಿಳಿಯುವ, 2025ರಲ್ಲಿ 16 ಕೋಟಿಗೂ ಹೆಚ್ಚು ಜನ ನೋಡಿದ ಯುರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಇಲ್ಲದಿರುವುದು ಇದೇ ಆವಕದ ಅಂಕಿ. ಯಾವ ಹಾಡಿಗೆ ಎಷ್ಟು ಅಂಕ ಅಂತ ಇಡೀ ಜಗತ್ತಿಗೆ ಹೇಳುತ್ತಾರೆ. ಆ ಅಂಕದ ಹಿಂದೆ ಎಷ್ಟು ಮತ ಇತ್ತು, ಅದನ್ನು ಎಷ್ಟು ಜನ ಹಾಕಿದರು ಅನ್ನುವುದನ್ನು ಹೇಳುವುದಿಲ್ಲ. ಆ ಸ್ಪರ್ಧೆಯ ರಾಜಕೀಯದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಲೆಕ್ಕದ ಬಗ್ಗೆ ಬಂದದ್ದು ಕಡಿಮೆ. ಅದಕ್ಕಾಗಿ ಈ ಪತ್ರ.

ರಾಜಕೀಯದ ಮಾತನ್ನು ಮೊದಲು ಮುಗಿಸಿಬಿಡೋಣ. 2025ರ ಡಿಸೆಂಬರಿನಲ್ಲಿ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಅವುಗಳ ಹಿಂದೆಯೇ ಐಸ್‌ಲೆಂಡ್, ಮರುವರ್ಷದ ವಿಯೆನ್ನಾ ಸ್ಪರ್ಧೆಗೆ ತಾವು ಬರುವುದಿಲ್ಲ ಎಂದವು. ಗಾಜಾ ಯುದ್ಧದ ನಡುವೆಯೂ ಇಸ್ರೇಲನ್ನು ಉಳಿಸಿಕೊಂಡದ್ದು ಅದಕ್ಕೆ ಮುಖ್ಯ ಕಾರಣ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಶುರುವಾದ ಮರುದಿನವೇ ರಷ್ಯಾವನ್ನು ಹೊರಗಿಟ್ಟ ಸಂಘಟಕರು ಈಗ ಬೇರೆ ಅಳತೆ ಹಿಡಿದಿದ್ದಾರೆ ಅನ್ನುವುದು ಅವರ ಸಿಟ್ಟು. ‘ಹಾಡಿನಲ್ಲಿ ರಾಜಕೀಯ ಬೇಡ’ ಅನ್ನುವವರು ಹಳೆಯ ಪುಟ ತಿರುವಿ ನೋಡಬೇಕು. 1974ರಲ್ಲಿ ಪೋರ್ಚುಗಲ್‌ನ ಹಾಡಿಗೆ ಬರೀ 3 ಅಂಕ ಬಂದಿತ್ತು. ಅದೇ ತಿಂಗಳು ಲಿಸ್ಬನ್ನಿನ ರೇಡಿಯೊದಲ್ಲಿ ಆ ಹಾಡು ಹಾಕಿದ್ದು ಸೈನಿಕ ಅಧಿಕಾರಿಗಳಿಗೆ ಬಂಡಾಯದ ಸನ್ನೆಯಾಗಿ, ಸರ್ಕಾರವೇ ಬಿತ್ತು. 1978ರಲ್ಲಿ ಇಸ್ರೇಲ್ ಹಾಡುವಾಗ ಜೋರ್ಡಾನ್ ಟೀವಿ ಪರದೆ ಮೇಲೆ ಹೂವಿನ ಚಿತ್ರ ತೋರಿಸಿತು, ಇಸ್ರೇಲ್ ಗೆಲ್ಲುತ್ತದೆ ಅಂತಾದಾಗ ಪ್ರಸಾರವನ್ನೇ ನಿಲ್ಲಿಸಿ, ಗೆದ್ದದ್ದು ಬೆಲ್ಜಿಯಂ ಅಂತ ಹೇಳಿತು. ಇನ್ನು 1956ರ ಮೊದಲ ಸ್ಪರ್ಧೆ. ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳು ಎರಡೆರಡು ಹಾಡು ಹಾಡಿದವು, ಆತಿಥೇಯ ಸ್ವಿಟ್ಜರ್ಲೆಂಡೇ ಗೆದ್ದಿತು, ಯಾರಿಗೆ ಎಷ್ಟು ಅಂಕ ಅನ್ನುವುದು ಇವತ್ತಿಗೂ ಹೊರಬಂದಿಲ್ಲ. ಹುಟ್ಟಿದ್ದೇ ಹಾಗೆ.

ಈಗಿನ ಕ್ರಮ ಹೀಗಿದೆ. ಪ್ರತಿ ದೇಶದಿಂದ ಎರಡು ಸೆಟ್ ಅಂಕ: ಒಂದು ತೀರ್ಪುಗಾರರದು, ಇನ್ನೊಂದು ಜನರದು. ಒಂದೊಂದು ಸೆಟ್ಟಿನಲ್ಲೂ ಮೊದಲ ಹಾಡಿಗೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ ಒಂದೊಂದೇ ಇಳಿದು ಹತ್ತನೆಯದಕ್ಕೆ 1. ಹನ್ನೊಂದನೆಯ ಹಾಡಿಗೆ ಸೊನ್ನೆ. ತಮ್ಮ ದೇಶದ ಹಾಡಿಗೆ ಹಾಕುವಂತಿಲ್ಲ. ಒಂದು ಮತದಿಂದ ಮುಂದಿದ್ದರೂ 12, ಒಂದು ಲಕ್ಷದಿಂದ ಮುಂದಿದ್ದರೂ 12. ಹತ್ತನೆಯದಕ್ಕಿಂತ ಒಂದೇ ಮತ ಕಮ್ಮಿ ಬಿದ್ದ ಹಾಡೂ, ಯಾರೂ ತಿರುಗಿ ನೋಡದ ಹಾಡೂ ಒಂದೇ ಸೊನ್ನೆಯಲ್ಲಿ ಕೂತಿರುತ್ತವೆ. ಮತ ಅಂಕವಾಗುವಾಗ ಈ ಅಂತರವೆಲ್ಲ ಅಳಿಸಿಹೋಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಹೊರಗಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ತೀರ್ಪುಗಾರರು ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಜೋಡಿಸಬೇಕು. ಹಾಗಾಗಿ ಒಬ್ಬರಿಗೆ ಹಿಡಿಸದ ಹಾಡು ಕೆಳಗೆ ಜಾರುತ್ತದೆ. ಜನರ ಮತದಲ್ಲಿ ‘ಬೇಡ’ ಅನ್ನಲು ಜಾಗವಿಲ್ಲ. ನೂರಕ್ಕೆ ಎಂಬತ್ತು ಜನಕ್ಕೆ ಆಗದ ಹಾಡಾದರೂ ಉಳಿದ ಇಪ್ಪತ್ತು ಜನ ಬಿಗಿಯಾಗಿ ನಿಂತರೆ 12 ಅದಕ್ಕೇ. 2016ರಲ್ಲಿ ಪೋಲೆಂಡಿಗೆ ತೀರ್ಪುಗಾರರಿಂದ 7 ಬಂದರೆ ಜನರಿಂದ 222 ಬಂತು. ಅದರಲ್ಲಿ ಮೋಸವೇನೂ ಇರಲಿಲ್ಲ, ಎರಡು ಬೇರೆ ತಕ್ಕಡಿ ಅಷ್ಟೇ.

ಈಗ 2025ರ ಬಾಸೆಲ್ ಸ್ಪರ್ಧೆಗೆ ಬರೋಣ. ಆಸ್ಟ್ರಿಯಾ 436 ಅಂಕದಿಂದ ಗೆದ್ದಿತು, 357ರೊಂದಿಗೆ ಇಸ್ರೇಲ್ ಎರಡನೆಯದು. ಇಸ್ರೇಲಿನ ಅಂಕದಲ್ಲಿ 297 ಜನರದು, 60 ತೀರ್ಪುಗಾರರದು. ಜನರ ಮತದಲ್ಲಿ ಅದೇ ಮೊದಲು. ಆ ದೇಶದ ಸರ್ಕಾರಿ ಜಾಹೀರಾತು ಸಂಸ್ಥೆ ಹಣ ಕೊಟ್ಟು ಜಾಹೀರಾತು ಹಾಕಿಸಿ ಮತ ಕೇಳಿತ್ತು ಎಂಬುದನ್ನು ಬಯಲು ಮಾಡಿದ್ದು ಸ್ಪರ್ಧೆ ನಡೆಸುವ ಯುರೋಪಿನ ಪ್ರಸಾರ ಒಕ್ಕೂಟ ಇಬಿಯುವಿನದೇ ಸುದ್ದಿ ಪರಿಶೀಲನಾ ಜಾಲ. ಆಗಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ, ಹಾಡಿದ ಹುಡುಗಿಯದಂತೂ ಏನೂ ತಪ್ಪಿಲ್ಲ. ನಿಯಮವೇ ಬಾಗಿಲು ತೆರೆದಿಟ್ಟಿತ್ತು: ಒಂದು ಪಾವತಿಗೆ, ಅಂದರೆ ಒಂದು ಕಾರ್ಡಿಗೆ ಅಥವಾ ಒಂದು ಫೋನಿಗೆ, 20 ಮತ.

ಇದರ ಪರಿಣಾಮ ಗೊತ್ತಾದದ್ದು ಸ್ಪೇನಿನಿಂದ. ಅಲ್ಲಿಯ ಜನರ 12 ಅಂಕ ಇಸ್ರೇಲಿಗೆ ಹೋಗಿತ್ತು, ತೀರ್ಪುಗಾರರದು ಸೊನ್ನೆ. ಮತಗಳ ತಪಾಸಣೆ ಬೇಕು ಎಂದ ಸ್ಪೇನಿನ ಸರ್ಕಾರಿ ಟೀವಿ, ಫೈನಲ್ ದಿನದ ತನ್ನ ದೇಶದ ಮತಸಂಖ್ಯೆಯನ್ನು ಹೊರಗಿಟ್ಟಿತು: ಫೋನ್ ಕರೆ 7,283, ಎಸ್‌ಎಂಎಸ್ 23,840, ಆನ್‌ಲೈನ್ 1,11,565. ಒಟ್ಟು 1,42,688. ನೂರಕ್ಕೆ 78 ಭಾಗ ಆನ್‌ಲೈನಿನದು. ಈ ಒಟ್ಟು ಮೊತ್ತವನ್ನು 20ರಿಂದ ಭಾಗಿಸಿ ನೋಡಿ. ಎಲ್ಲರೂ ಪೂರ್ತಿ 20 ಒತ್ತಿದ್ದರೆ 7,135 ಕಾರ್ಡು-ಫೋನುಗಳಲ್ಲಿ ಮುಗಿಯಿತು. ನಾಲ್ಕೂಮುಕ್ಕಾಲು ಕೋಟಿಗೂ ಮೀರಿದ ಜನರಿರುವ ದೇಶವಿದು. ನಿಜವಾಗಿ ಹಾಕಿದವರು ಏಳು ಸಾವಿರವೋ ಒಂದು ಲಕ್ಷವೋ, ಆ ಅಂಕಿಯೇ ಇಲ್ಲ. ‘ಸ್ಪೇನಿನ ಜನ ಹೀಗೆ ತೀರ್ಮಾನಿಸಿದರು’ ಅಂತ ವೇದಿಕೆಯ ಮೇಲೆ ಹೇಳುವ ಮಾತಿಗೆ ಆಧಾರ ಇಷ್ಟೇ.

ಸುಲಭದ ಲೆಕ್ಕ ಒಂದು ಹಾಕಿ ನೋಡಬಹುದು. ಒಂದು ಹಾಡನ್ನು 10,000 ಜನ ಮೆಚ್ಚಿ ಒಂದೊಂದು ಮತ ಹಾಕಿದರು ಅಂತಿಟ್ಟುಕೊಳ್ಳಿ. ಅದನ್ನು ಮೀರಿಸಲು 20 ಒತ್ತುವ 501 ಜನ ಸಾಕು. ಹೊಸ ನಿಯಮದಂತೆ ಮಿತಿ 10ಕ್ಕೆ ಇಳಿದಿದೆ, ಈಗ 1,001 ಜನ ಬೇಕು. ಒಂದೇ ಮತ ಅಂತಿದ್ದರೆ 10,001 ಜನ ಬೇಕಾಗುತ್ತಿತ್ತು. ಮಿತಿಯನ್ನು ಅರ್ಧ ಮಾಡಿದ್ದನ್ನು ದೊಡ್ಡ ಸುಧಾರಣೆ ಅಂದವರು ಈ ಗುಣಾಕಾರ ಮಾಡಿ ನೋಡಿರಲಿಕ್ಕಿಲ್ಲ. ಒಂದೊಂದು ಮತಕ್ಕೂ ದುಡ್ಡು ಬರುತ್ತದೆ ಅನ್ನುವುದನ್ನೂ ಇಲ್ಲಿ ಮರೆಯಬಾರದು.

ಅದಕ್ಕಿಂತ ವಿಚಿತ್ರ ಎಂದರೆ, 2024 ಮತ್ತು 2025ರ ಫೈನಲ್‌ಗಳಲ್ಲಿ ಮೊದಲ ಹಾಡು ಶುರುವಾಗುವ ಮುಂಚೆಯೇ ಮತದಾನ ತೆರೆದಿದ್ದರು. ಮಾಲಿನ ಮಾದರಿ ಕೈಯಲ್ಲಿ ಹಿಡಿದು ನೋಡದೆ ಟೆಂಡರ್ ಬರೆಯುವ ಖರೀದಿದಾರರು ಶಿವಮೊಗ್ಗದ ಮಂಡಿಯಲ್ಲಿ ಸಿಗುವುದಿಲ್ಲ. ಹಾಡು ಕೇಳುವ ಮುಂಚೆ ಮತ ಹಾಕುವವರು ಹಾಡಿಗಂತೂ ಹಾಕಿರುವುದಿಲ್ಲ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. 2023ರಿಂದ ಭಾಗವಹಿಸದ ದೇಶಗಳವರಿಗೂ ಆನ್‌ಲೈನಿನಲ್ಲಿ ಮತ ಹಾಕಲು ಬಿಟ್ಟಿದ್ದಾರೆ. ಜಗತ್ತಿನ ಉಳಿದವರೆಲ್ಲರ ಮತ ಸೇರಿ ಒಂದು ದೇಶದ ಒಂದು ಸೆಟ್ ಅಂಕ.

ಹಾಗಾದರೆ ತೀರ್ಪುಗಾರರ ಕೈಗೇ ಕೊಟ್ಟರೆ ಸರಿಹೋಗುತ್ತದೆಯೇ? 2022ರಲ್ಲಿ ಟ್ಯೂರಿನ್‌ನಲ್ಲಿ ಎರಡನೇ ಸೆಮಿಫೈನಲ್ ನಡೆದಾಗ ಆರು ದೇಶಗಳ ತೀರ್ಪುಗಾರರು ಸಿಕ್ಕಿಬಿದ್ದರು: ಅಜರ್ಬೈಜಾನ್, ಜಾರ್ಜಿಯಾ, ಮಾಂಟೆನೆಗ್ರೊ, ಪೋಲೆಂಡ್, ರೊಮೇನಿಯಾ, ಸ್ಯಾನ್ ಮರೀನೊ. ಈ ಆರರಲ್ಲಿ ನಾಲ್ಕು ದೇಶಗಳು ಉಳಿದ ಐದನ್ನೇ ತಮ್ಮ ಪಟ್ಟಿಯ ಮೊದಲ ಐದು ಸ್ಥಾನದಲ್ಲಿಟ್ಟಿದ್ದವು. ಅವರ ಅಂಕ ತೆಗೆದುಹಾಕಿ ಬೇರೆ ಅಂಕ ಕಟ್ಟಿ ಕೊಟ್ಟರು. ಗಮನಿಸಬೇಕಾದ್ದೆಂದರೆ, ಇದು ಸಿಕ್ಕಿದ್ದು ತೀರ್ಪುಗಾರರ ಪಟ್ಟಿ ಕಣ್ಣಿಗೆ ಕಾಣುವಂತೆ ಇದ್ದದ್ದರಿಂದ. ಯಾರ ಪಕ್ಕ ಯಾರನ್ನು ಇಟ್ಟರು ಅಂತ ಹೋಲಿಸಿದರೆ ಕೂಟ ತಾನಾಗಿ ಎದ್ದು ಕಾಣುತ್ತದೆ.

2019ರ ಎಡವಟ್ಟಿನಲ್ಲೂ ಇದೇ ನಡೆದದ್ದು. ಬೆಲಾರುಸ್ ತೀರ್ಪುಗಾರರು ಸೆಮಿಫೈನಲ್ ಮತವನ್ನು ಬಾಯಿಬಿಟ್ಟರು ಅಂತ ಅವರನ್ನು ಕೈಬಿಟ್ಟು, ಬೇರೆ ದೇಶಗಳ ಅಂಕದಿಂದ ಅವರ ಪಾಲನ್ನು ಲೆಕ್ಕ ಹಾಕಿದರು. ಲೆಕ್ಕ ತಲೆಕೆಳಗಾಯಿತು. ಮಾಲ್ಟಾಕ್ಕೆ ಹೋಗಬೇಕಿದ್ದ 12 ಅಂಕ ಇಸ್ರೇಲಿಗೆ ಹೋಯಿತು. ಆ ವರ್ಷ ಉಳಿದ ಯಾವ ತೀರ್ಪುಗಾರ ಮಂಡಳಿಯಿಂದಲೂ ಇಸ್ರೇಲಿಗೆ ಒಂದು ಅಂಕವೂ ಬಂದಿರಲಿಲ್ಲ! ಕೋಟಿಗಟ್ಟಲೆ ಜನರ ಎದುರು ಅದನ್ನು ಓದಿಯೂ ಆಯಿತು. ಪಟ್ಟಿ ಇಟ್ಟುಕೊಂಡು ಕೂಡಿಸಿ ನೋಡಿದ ಅಭಿಮಾನಿಗಳು ತಪ್ಪು ಹಿಡಿದರು, ನಾಲ್ಕು ದಿನದ ಮೇಲೆ ತಿದ್ದುಪಡಿ ಬಂತು. ಗೆದ್ದ ನೆದರ್ಲೆಂಡ್ಸ್ ಗೆದ್ದೇ ಉಳಿಯಿತು ಅನ್ನುವುದು ಅದೃಷ್ಟ.

2025ರ ಡಿಸೆಂಬರಿನ ನಿಯಮಗಳಲ್ಲಿ ಒಳ್ಳೆಯದೂ ಇದೆ. ತೀರ್ಪುಗಾರರು ಐದರಿಂದ ಏಳಾಗಿದ್ದಾರೆ, ಅವರಲ್ಲಿ ಇಬ್ಬರಾದರೂ 18ರಿಂದ 25 ವರ್ಷದವರಿರಬೇಕು. ಸೆಮಿಫೈನಲ್‌ಗೂ ಅವರನ್ನು ಮತ್ತೆ ತಂದಿದ್ದಾರೆ. ಸರ್ಕಾರಗಳ ಪ್ರಚಾರಕ್ಕೆ ಕಡಿವಾಣ ಬಿದ್ದಿದೆ. ಆದರೆ ಮತ ಹಾಕಿದವರ ಸಂಖ್ಯೆ ಪ್ರಕಟಿಸಬೇಕು ಅನ್ನುವ ಒಂದು ಸಾಲು ಅದರಲ್ಲಿಲ್ಲ.

ವಿಯೆನ್ನಾದ ಗೊಡವೆ ಶಿವಮೊಗ್ಗಕ್ಕೆ ಯಾಕೆ ಅಂದರೆ, ಗಣಪತಿ ಹಬ್ಬ, ದಸರಾ, ರಾಜ್ಯೋತ್ಸವ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಭಾವಗೀತೆ, ಜನಪದ ಗೀತೆ ಸ್ಪರ್ಧೆಗಳ ಸುಗ್ಗಿ. ‘ಪ್ರೇಕ್ಷಕರ ಆಯ್ಕೆ’ ಬಹುಮಾನ ಅಂತ ಒಂದು ಈಗ ಸೇರಿಕೊಂಡಿದೆ. ಯೂಟ್ಯೂಬ್ ಲೈಕ್ ಎಣಿಸಿ ಬಹುಮಾನ ಕೊಡುವುದು ಅತ್ಯಂತ ಕೆಟ್ಟ ದಾರಿ, ಲೈಕು ದುಡ್ಡಿಗೆ ಸಿಗುತ್ತದೆ. ವಾಟ್ಸಾಪ್ ಪೋಲ್‌ನಲ್ಲಿ ಒಬ್ಬರೇ ಹಲವು ಉತ್ತರ ಒತ್ತುವ ಸೌಲಭ್ಯವನ್ನು ಪೋಲ್ ಮಾಡುವವರು ತೆಗೆದುಹಾಕದಿದ್ದರೆ ಅದು ತೆರೆದೇ ಇರುತ್ತದೆ. ಯಾರು ಯಾರಿಗೆ ಹಾಕಿದರು ಅಂತ ಗುಂಪಿಗೆಲ್ಲ ಕಾಣುತ್ತದೆ, ಹಾಕಿದ್ದನ್ನು ಆಮೇಲೆ ಬದಲಿಸಲೂಬಹುದು. ಗೂಗಲ್ ಫಾರ್ಮಿಗೆ ‘ಒಬ್ಬರಿಗೆ ಒಂದೇ ಉತ್ತರ’ ಅಂತ ಕಟ್ಟು ಹಾಕಿದರೂ ಅದು ಎಣಿಸುವುದು ಇಮೇಲ್ ಖಾತೆಯನ್ನು, ಮನುಷ್ಯರನ್ನಲ್ಲ. ಜೊತೆಗೆ ಗಣಪತಿ ಹಬ್ಬದ ಹೊತ್ತಿಗೆ ಹೊಸನಗರ, ಆಗುಂಬೆ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಎದುರು ಕೂತು ಕೇಳಿದವರ ಮತ ಬೀಳದೆ ಬೆಂಗಳೂರಿನಲ್ಲಿರುವ ನೆಂಟರ ಮತ ಬೀಳುತ್ತದೆ.

ಸಭಾಂಗಣದಲ್ಲಿ ಚೀಟಿಯೇ ವಾಸಿ. ಗೇಟಿನಲ್ಲಿ ತಲೆಗೊಂದರಂತೆ ಕ್ರಮಸಂಖ್ಯೆ ಇರುವ ಚೀಟಿ ಕೊಟ್ಟು, ಅರೆಪ್ರತಿಯನ್ನು ಪುಸ್ತಕದಲ್ಲೇ ಉಳಿಸಿಕೊಳ್ಳಬೇಕು. ಕೊನೆಯ ಸ್ಪರ್ಧಿ ಹಾಡಿ ಮುಗಿಸಿದ ಮೇಲೆಯೇ ಡಬ್ಬಿ ಹೊರಗೆ ಬರಬೇಕು. ಕೊಟ್ಟ ಚೀಟಿ, ಡಬ್ಬಿಗೆ ಬಿದ್ದ ಚೀಟಿ, ಅಸಿಂಧುವಾದ ಚೀಟಿ, ಮೂರೂ ಅಂಕಿಯನ್ನು ಮೈಕಿನಲ್ಲಿ ಓದಿ ಆಮೇಲೆ ಹೆಸರು ಹೇಳಲಿ. ಕೊಟ್ಟದ್ದಕ್ಕಿಂತ ಬಿದ್ದದ್ದು ಹೆಚ್ಚಾದರೆ ಆ ಬಹುಮಾನವನ್ನೇ ರದ್ದು ಮಾಡಬೇಕು.

ತೀರ್ಪುಗಾರರ ಹಾಳೆಯಲ್ಲಿ ಕೆಡುವುದು ಇನ್ನೊಂದು ರೀತಿ. ಮೂವರು ತೀರ್ಪುಗಾರರು, ನೂರಕ್ಕೆ ಅಂಕ. ಮೊದಲನೆಯವರು ಒಬ್ಬ ಗಾಯಕಿಗೆ 78, ಇನ್ನೊಬ್ಬಳಿಗೆ 75 ಕೊಟ್ಟರು. ಎರಡನೆಯವರು 80, 76. ಮೂರನೆಯವರು 40, 90. ಇಬ್ಬರು ಮೊದಲಿಗಳೆಂದ ಗಾಯಕಿ 198ಕ್ಕೆ ನಿಂತಳು, ಒಬ್ಬರು ಮೆಚ್ಚಿದವಳು 241ಕ್ಕೆ ಗೆದ್ದಳು. ಕೈ ಸಡಿಲ ಬಿಟ್ಟು ಅಂಕ ಹಾಕುವ ಒಬ್ಬರ ಮಾತೇ ಮೂವರ ಮಾತಾಗುತ್ತದೆ. ಅಂಕವನ್ನು ಸ್ಥಾನಕ್ಕೆ ಇಳಿಸಿ, ಸ್ಥಾನವನ್ನು ಕೂಡಿಸಿದರೆ 4 ಮತ್ತು 5 ಬರುತ್ತದೆ, ಕಡಿಮೆ ಬಂದವಳಿಗೆ ಬಹುಮಾನ. ಶ್ರುತಿ, ಲಯ, ಉಚ್ಚಾರ, ಭಾವ ಅಂತ ನಾಲ್ಕು ಮನೆ ಬಿಡಿಸಿದ ಹಾಳೆ ಪೆನ್ನಿನಲ್ಲೇ ತುಂಬಿರಬೇಕು, ಕೂಡಿಸುವ ಕೆಲಸ ಬೇರೆಯವರದು. ಊಟಕ್ಕೆ ಏಳುವ ಮುಂಚೆ ಆವರೆಗಿನ ಹಾಳೆ ವಾಪಸ್ ಪಡೆಯಬೇಕು, ಎಲೆ ಮುಂದೆ ಕೂತ ಮೇಲೆ ಅಂಕ ಬದಲಾಗುವುದು ಹೊಸದಲ್ಲ. ತಮ್ಮ ಶಿಷ್ಯರು ಹಾಡುವಾಗ ಗುರುಗಳು ಆ ಒಂದು ಹಾಳೆಯನ್ನು ಖಾಲಿ ಬಿಡಬೇಕು, ಆ ಸ್ಪರ್ಧಿಗೆ ಉಳಿದವರ ಸರಾಸರಿ ಸಾಕು. ಯುರೋವಿಷನ್ನಿನ ‘ಸ್ವಂತ ದೇಶಕ್ಕೆ ಹಾಕುವಂತಿಲ್ಲ’ ಅನ್ನುವ ನಿಯಮವನ್ನು ನಾವು ಕಣ್ಣು ಮುಚ್ಚಿ ಎತ್ತಿಕೊಳ್ಳಬಹುದು.

ಸಮ ಬಂದರೆ ಏನು ಅನ್ನುವುದನ್ನೂ ಮುಂಚೆಯೇ ಬರೆದಿಡಬೇಕು. 1969ರಲ್ಲಿ ನಾಲ್ಕು ದೇಶಗಳು 18 ಅಂಕದಲ್ಲಿ ಸಮನಾದವು, ನಿಯಮವೇ ಇರಲಿಲ್ಲ, ನಾಲ್ಕನ್ನೂ ಗೆದ್ದವರೆಂದು ಸಾರಿದರು. ಮರುವರ್ಷ ಸ್ವೀಡನ್, ನಾರ್ವೆ, ಫಿನ್ಲೆಂಡ್ ಸೇರಿ ಐದು ದೇಶ ಬರಲಿಲ್ಲ.

ಫಲಿತಾಂಶ ಘೋಷಿಸಿದ ಅರ್ಧ ಗಂಟೆಯಲ್ಲಿ ತೀರ್ಪುಗಾರರ ಸಹಿ ಇರುವ ಹಾಳೆಗಳನ್ನು ಸಭಾಂಗಣದ ಬಾಗಿಲಿಗೆ ಅಂಟಿಸಿದರೆ ಜಗಳ ಹೆಚ್ಚಾಗುತ್ತದೆ ಅಂತ ಸಂಘಟಕರು ಹೆದರುತ್ತಾರೆ. ಮೊದಲ ವರ್ಷ ಹೆಚ್ಚಾಗಲೂಬಹುದು, ಆಗಲಿ. ಹಾಳೆ ಹಿಡಿದು ಆಡುವ ಜಗಳಕ್ಕೆ ಉತ್ತರ ಕೊಡಬಹುದು, ಗಾಳಿಮಾತಿಗೆ ಕೊಡಲಾಗುವುದಿಲ್ಲ.

ಕೊನೆಗೆ ಪತ್ರಿಕೆಗೇ ಒಂದು ಮನವಿ. ಇಂಥ ಸ್ಪರ್ಧೆಗಳ ಫಲಿತಾಂಶವನ್ನು ಸಂಘಸಂಸ್ಥೆಗಳು ನಿಮಗೆ ಕಳಿಸಿದಾಗ, ಎಷ್ಟು ಜನ ಮತ ಹಾಕಿದರು ಅನ್ನುವ ಒಂದು ಸಾಲನ್ನು ಕೇಳಿ ಪಡೆದು ಅಚ್ಚು ಹಾಕಿ. ಜಾಗ ಸಾಲದಿದ್ದರೆ ವೇದಿಕೆಯಲ್ಲಿದ್ದ ಗಣ್ಯರ ಪಟ್ಟಿಯಲ್ಲಿ ಎರಡು ಹೆಸರು ಬಿಡಿ.

ಇಂತಿ,
ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕೆಲವು ಸುಗಮ ಸಂಗೀತ ಶಿಕ್ಷಕರು ಮತ್ತು ಸ್ಪರ್ಧಾ ತೀರ್ಪುಗಾರರು