ಸುಳ್ಳು ಹಿಡಿದುಕೊಟ್ಟವರಿಗೆ

ನಮ್ಮ ಗೂಢಚಾರ ಕಾದಂಬರಿಯ ಮೊದಲ ಮುದ್ರಣದ ಪ್ರತಿಗಳೆಲ್ಲ ಮುಗಿದಿವೆ. ಎರಡನೆಯದು ಅಚ್ಚಿಗೆ ಹೋಗುವ ಮುನ್ನ ಋಣ ನೆನೆಯಬೇಕು. ಭಾನುವಾರಗಳಂದು ಜಯನಗರದ ಆಟದ ಮೇಜಿಗೆ ಬಂದು, ಒಂದೊಂದು ಅಧ್ಯಾಯವನ್ನೂ ಇಪ್ಪತ್ತು ಮುಖದ ದಾಳ ಉರುಳಿಸಿ ಪರೀಕ್ಷಿಸಿದ ಗೆಳೆಯರಿಗೆ ಮೊದಲ ನಮಸ್ಕಾರ.

ಕಥೆ ನಡೆಯುವುದು ಪಾತ್ರ ವಹಿಸಿ ದಾಳ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯ ನಿಯಮಗಳು ಆಳುವ ಲೋಕದಲ್ಲಿ. ಅಲ್ಲಿ ಗೂಢಚಾರರಿಗೆ ಕತ್ತಿಗಿಂತ ಸತ್ಯವಲಯದ ಮಂತ್ರದ್ದೇ ಭಯ: 15 ಅಡಿ ತ್ರಿಜ್ಯದೊಳಗೆ, 10 ನಿಮಿಷ, ಮಂತ್ರಕ್ಕೆ ಸಿಕ್ಕಿದವರು ಬೇಕೆಂದೇ ಸುಳ್ಳು ಹೇಳಲಾರರು. ಮೊದಲ ಕರಡಿನಲ್ಲಿ ನಾಯಕಿ ಅದರೊಳಗೆ ನಿಂತು ರಾಜಾರೋಷವಾಗಿ ಸುಳ್ಳು ಹೇಳಿ ಪಾರಾಗಿದ್ದಳು. ಅದು ಆಗದ ಮಾತು ಎಂದು ತೋರಿಸಿಕೊಟ್ಟವರು ನೀವು. ಮಂತ್ರಕ್ಕೆ ಯಾರು ಸಿಕ್ಕಿದರು, ಯಾರು ತಪ್ಪಿಸಿಕೊಂಡರು ಎಂಬುದು ಅದನ್ನು ಹಾಕಿದವರಿಗೆ ತಿಳಿದುಬಿಡುತ್ತದೆ. ಮೇಲಾಗಿ ವಲಯದೊಳಗಿದ್ದರೆ ಪ್ರತಿ ಸರದಿಗೂ, ಅಂದರೆ 6 ಸೆಕೆಂಡಿಗೊಮ್ಮೆ, ತಪ್ಪಿಸಿಕೊಳ್ಳಲು ಮತ್ತೆ ದಾಳ ಹಾಕಬೇಕು. ಹತ್ತು ನಿಮಿಷದ ನೂರು ಸಲವೂ ಗೆಲ್ಲುವುದು ಎಲ್ಲಿಯ ಮಾತು! ಆದರೆ ಮಂತ್ರ ಸುಳ್ಳನ್ನು ತಡೆಯುತ್ತದೆಯೇ ಹೊರತು ಬಾಯಿ ಬಿಡಿಸುವುದಿಲ್ಲ. ಈಗ ಆ ಪುಟ ಹೀಗಿದೆ:

"ಆ ರಾತ್ರಿ ಓಲೆ ನಿನ್ನ ಕೈಯಲ್ಲಿತ್ತೇ?"

"ನನ್ನ ಕೈಯಲ್ಲಿ ದೀಪವಿತ್ತು, ಒಡೆಯಾ."

ಇನ್ನೊಂದು ಕೈಯ ವಿಚಾರ ಅವನು ಕೇಳಲಿಲ್ಲ. ಅಧ್ಯಾಯ ನಿಂತಿರುವುದೇ ಅದರ ಮೇಲೆ.

ಶವದ ಜೊತೆ ಮಾತಾಡುವ ಮಂತ್ರದ ಉಪಾಯ ಹೇಳಿಕೊಟ್ಟ ಕಿರಿಯ ಆಟಗಾರ್ತಿಗೆ ವಿಶೇಷ ವಂದನೆ. ಸತ್ತವರನ್ನು 5 ಪ್ರಶ್ನೆ ಕೇಳಬಹುದು. ಒಮ್ಮೆ ಕೇಳಿದ ಶವಕ್ಕೆ 10 ದಿನ ಆ ಮಂತ್ರ ಮತ್ತೆ ಹಿಡಿಯದು. ಹಾಗಾದರೆ ಕೊಂದವರೇ ಮೊದಲು ಮಂತ್ರ ಹಾಕಿ, ಹವಾಮಾನದ ಬಗ್ಗೆ ಐದು ಪ್ರಶ್ನೆ ಕೇಳಿಬಿಟ್ಟರೆ? ಕಥೆಯ ಕಾಲಗಣನೆ ಪೂರ್ತಿ ಹುಟ್ಟಿದ್ದು ಈ ಪ್ರಶ್ನೆಯಿಂದ.

ದೂರಕ್ಕೆ ಸಂದೇಶ ಕಳಿಸುವ ಮಂತ್ರಕ್ಕೆ 25 ಪದಗಳ ಮಿತಿ. ಕನ್ನಡದಲ್ಲಿ ಅದು ಸಡಿಲ: 'ಬಾರದಿದ್ದವರಿಗೂ' ಎಂದರೆ ಒಂದೇ ಪದ. ಪ್ರತ್ಯಯ ಇರಲಿ, ಸಮಾಸವನ್ನಾದರೂ ಬಿಡಿಸಿ ಎಣಿಸಿ ಎಂದು ಪಟ್ಟುಹಿಡಿದ ಕನ್ನಡ ಮೇಷ್ಟ್ರಿಗೆ ಕೃತಜ್ಞತೆಗಳು. ಸಂದೇಶಗಳು ಬಿಗಿಯಾದದ್ದು ಆಮೇಲೆಯೇ.

ಹಳೆಯ ಕಡತದಲ್ಲಿ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತಿತ್ತು. ಕಣ್ಣಿಗೆ ಬೀಳದು, ಹುಡುಕಿದರೆ ಪದ ಸಿಗದು. ಅದನ್ನು ಪುಟಪುಟವೂ ತಿದ್ದಿದವರಿಗೂ ಚಾಮರಾಜಪೇಟೆಯ ಅಚ್ಚುಕೂಟದವರಿಗೂ ವಂದನೆ. ಆಟದ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಯಡಿ ಬಂದದ್ದು ನಮಗೆ ದೊಡ್ಡ ಆಸರೆ; ಷರತ್ತಿನಂತೆ ಮೂಲದ ಹೆಸರನ್ನು ಒಳಪುಟದಲ್ಲಿ ಅಚ್ಚು ಹಾಕಿಸಿದ್ದೇವೆ.

ಕೊನೆಯದಾಗಿ ಮಲ್ಲೇಶ್ವರದ ಓದುಗರೊಬ್ಬರಿಗೆ. ಮನಸ್ಸು ಓದುವ ಮಂತ್ರವನ್ನು ತಡೆಯಲು ನಾಯಕಿ ಟೋಪಿಯೊಳಗೆ ತಾಮ್ರದ ತಗಡು ಇಟ್ಟಿದ್ದಳು. ತಾಮ್ರವಾದರೆ 2 ಅಂಗುಲ ದಪ್ಪ ಬೇಕು, ಸೀಸವಾದರೆ ತೆಳು ತಗಡೇ ಸಾಕು ಎಂದು ನೀವು ಬರೆದಿರಿ. ಹೊಸ ಮುದ್ರಣದಲ್ಲಿ ಅದು ಸೀಸವಾಗಿದೆ.