ಪಾಸ್ ಇದ್ದರೂ ಸೀಟಿಗೆ ದುಡ್ಡು, ಬುಕ್ ಮಾಡಿದ್ದಕ್ಕೆ ಇನ್ನೊಂದಿಷ್ಟು

ಮಾನ್ಯ ಸಂಪಾದಕರೇ,

ಯುರೋಪ್ ಪ್ರವಾಸದ ಲೇಖನಗಳಲ್ಲಿ ಯೂರೇಲ್ ಪಾಸ್ ಬಗ್ಗೆ ಒಂದು ಮಾತು ಇದ್ದೇ ಇರುತ್ತದೆ: ಒಂದು ಪಾಸ್ ಸಾಕು, 33 ದೇಶಗಳಲ್ಲಿ ಬೇಕಾದ ರೈಲು ಹತ್ತಿ, ಬೇಕಾದಲ್ಲಿ ಇಳಿಯಿರಿ. ಇದು ಅರ್ಧ ಮಾತ್ರ ನಿಜ. ಉಳಿದರ್ಧ ಜನರಿಗೆ ಗೊತ್ತಾಗುವುದು ಪಾಸಿಗೆ ದುಡ್ಡು ಕಟ್ಟಿ ಆದ ಮೇಲೆ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಒಳಗೆ ಓಡುವ ಬಹುತೇಕ ಹಗಲು ರೈಲುಗಳಿಗೆ ಸೀಟು ಕಾಯ್ದಿರಿಸುವ ತಾಪತ್ರಯವಿಲ್ಲ. ಪಾಸ್ ಇದ್ದರೆ ಸುಮ್ನೆ ಹತ್ತಿ, ಖಾಲಿ ಸೀಟು ನೋಡಿ ಕೂತರಾಯಿತು. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಹಾಗಲ್ಲ, ಸೀಟು ಕಾಯ್ದಿರಿಸಲೇಬೇಕು. ರಾತ್ರಿ ರೈಲುಗಳಲ್ಲೂ ಅಷ್ಟೇ. ಫ್ರಾನ್ಸ್ ಒಳಗಿನ ಟಿಜಿವಿ ಅನ್ನುವ ವೇಗದ ರೈಲಿಗೆ ಪಾಸ್ ಇದ್ದವರೂ 10 ಅಥವಾ 20 ಯೂರೋ ಕೊಡಬೇಕು. ಲಂಡನ್, ಪ್ಯಾರಿಸ್ ನಡುವೆ ಓಡುವ ಯೂರೋಸ್ಟಾರ್ ಆದರೆ 30 ಯೂರೋ ಆಸುಪಾಸು. ಅದೂ ಪಾಸ್ ಇದ್ದವರಿಗೆ ಅಂತ ಇಟ್ಟಿರುವ ಸೀಟುಗಳು ಕಡಿಮೆ. ಅವು ಮುಗಿದರೆ ರೈಲಿನಲ್ಲಿ ಜಾಗ ಇದ್ದರೂ ಪಾಸ್ ಕೆಲಸಕ್ಕೆ ಬರುವುದಿಲ್ಲ, ಬೇರೆ ಟಿಕೆಟ್ ಕೊಳ್ಳಬೇಕು.

ಸೀಟಿಗೆ ದುಡ್ಡು ಕೇಳುವುದನ್ನು ನಾನು ಒಪ್ಪುತ್ತೇನೆ. ಆ ಸೀಟು ನಮ್ಮ ಹೆಸರಿಗೆ ಬರುತ್ತದೆ, ಬೇರೆ ಯಾರೂ ಕೂರುವಂತಿಲ್ಲ. ಒಪ್ಪಲಾಗದ್ದು ಅದರ ಮೇಲೆ ಹಾಕುವ ಬುಕಿಂಗ್ ಶುಲ್ಕ. ಪಾಸ್ ಮಾರುವ ಯೂರೇಲ್ ಜಾಲತಾಣದಲ್ಲೇ ರಿಸರ್ವೇಶನ್ ಮಾಡಿದರೆ ಒಬ್ಬರಿಗೆ, ಒಂದು ರೈಲಿಗೆ 2 ಯೂರೋ ಬೇರೆ. ಒಂದೇ ಸಲ ಕೂತು ಇಡೀ ಪ್ರವಾಸದ ಸೀಟು ಬುಕ್ ಮಾಡಿದರೂ ತಲೆಗಿಷ್ಟು, ರೈಲಿಗಿಷ್ಟು ಅಂತ ಎಣಿಸುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಫ್ರಾನ್ಸ್‌ನಲ್ಲಿ ಮೂರು ಟಿಜಿವಿ ಹತ್ತಿದರು ಅಂದುಕೊಳ್ಳಿ. ಕಡಿಮೆ ದರದ ಸೀಟೇ ಸಿಕ್ಕಿದರೂ 120 ಯೂರೋ, ಬುಕಿಂಗ್ ಶುಲ್ಕ 24 ಯೂರೋ. 4ರಿಂದ 11 ವರ್ಷದ ಮಕ್ಕಳಿಗೆ ಪಾಸ್ ಉಚಿತ ಅಂತ ದೊಡ್ಡದಾಗಿ ಹೇಳುತ್ತಾರೆ, ಆದರೆ ಸೀಟಿನ ವಿಷಯ ಬಂದಾಗ ಆ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಪಾಸಿಗೆ ನೂರಾರು ಯೂರೋ ಕೊಟ್ಟವರು, ಆ ಪಾಸನ್ನು ಬಳಸುವುದಕ್ಕೇ ಮತ್ತೆ ಶುಲ್ಕ ಕೊಡಬೇಕು ಅಂದರೆ ಯಾವ ನ್ಯಾಯ? ಈ ಕೆಲಸದ ಖರ್ಚು ಪಾಸಿನ ಬೆಲೆಯಲ್ಲೇ ಸೇರಿರಬೇಕು, ಅಲ್ವಾ?

ನಮಗೆ ಪಾಸ್ ಮಾರಿದ ಏಜೆಂಟ್ ‘ಎಲ್ಲಾ ಸೇರಿದೆ ಸರ್’ ಅಂದಿದ್ದರು. ಸೀಟಿನ ಮಾತೇ ಎತ್ತಲಿಲ್ಲ. ಆಮೇಲೆ ಪ್ರತಿ ಸೀಟಿಗೂ ತಮ್ಮದೇ ಸರ್ವಿಸ್ ಚಾರ್ಜ್ ಸೇರಿಸಿ ಬಿಲ್ ಕಳಿಸಿದರು. ಯಾಕೆ ಅಂತ ಕೇಳಿದರೆ ಅದು ರೈಲಿನವರ ನಿಯಮ ಅಂದುಬಿಟ್ಟರು. ಸರ್ವಿಸ್ ಚಾರ್ಜ್ ಯಾವ ರೈಲಿನವರ ನಿಯಮ?

ಈ ಸೀಟಿನ ಖರ್ಚು ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ಯೂರೇಲ್‌ನವರದ್ದೇ ರೈಲ್ ಪ್ಲಾನರ್ ಆ್ಯಪ್‌ನಲ್ಲಿ ರಿಸರ್ವೇಶನ್ ಬೇಡದ ರೈಲುಗಳನ್ನಷ್ಟೇ ತೋರಿಸು ಅಂತ ಆರಿಸಿಕೊಳ್ಳಬಹುದು. ಫ್ರಾನ್ಸ್‌ನಲ್ಲಿ ಟಿಇಆರ್ ಅನ್ನುವ ಪ್ರಾದೇಶಿಕ ರೈಲುಗಳಿಗೆ ಸಾಮಾನ್ಯವಾಗಿ ಸೀಟು ಕಾಯ್ದಿರಿಸಬೇಕಿಲ್ಲ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಡುವೆ ರೈಲು ಬದಲಿಸಬೇಕಾಗಬಹುದು. ಆದರೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು, ಎರಡು ಸೂಟ್‌ಕೇಸ್ ಎಳೆದುಕೊಂಡು ಹೋಗುವವರಿಗೆ ಇದು ಆಗುವ ಮಾತಲ್ಲ. ಅವರು ವೇಗದ ರೈಲನ್ನೇ ಹಿಡಿಯಬೇಕು, ಕೇಳಿದಷ್ಟು ಕೊಡಲೇಬೇಕು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಪ್ರವಾಸ ಪುರವಣಿಯಲ್ಲಿ ಪಾಸಿನ ಬೆಲೆ ಹಾಕುವಾಗ ಅದರ ಪಕ್ಕದಲ್ಲೇ ಸೀಟಿನ ದರ ಮತ್ತು ಬುಕಿಂಗ್ ಶುಲ್ಕವನ್ನೂ ಹಾಕಿ. ಪಾಸ್ ಮಾರುವವರ ಜಾಹೀರಾತು ತೆಗೆದುಕೊಳ್ಳುವಾಗಲೂ ಇದನ್ನು ಕೇಳಿ.

ಇಂತಿ,
ನಿಮ್ಮ ಓದುಗ